ದೀಪದ ಕೋಣೆಯ ಬಾಗಿಲು

ಪ್ರೀತಿಯ ಎಸ್ಕೊ,

ನಿನ್ನ ಕಂಪ್ಯೂಟರ್ ಆಟ 'ಬಂಡೆದ್ವೀಪ'ವನ್ನು ನಾನು ಅರ್ಧಕ್ಕೆ ಬಿಟ್ಟಿರಲಿಲ್ಲ. ಬೇಜಾರಾಯಿತು, ಬಿಟ್ಟೆ ಎಂದು ಶರತ್ಕಾಲದಲ್ಲಿ ನಿನಗೆ ಹೇಳಿದ್ದು ಸುಳ್ಳು. ನೆಲಮಾಳಿಗೆಯಿಂದ ಗೋಪುರದ ತುದಿಯವರೆಗೆ ಒಂದೊಂದು ಕೋಣೆಯನ್ನೂ ದಾಟಿ ದೀಪದ ಕೋಣೆಯ ಬಾಗಿಲ ಮುಂದೆ ನಿಂತಿದ್ದೆ. ಬಾಗಿಲು ತೆರೆಯಲಿಲ್ಲ. ನನಗೆ ಮಾತ್ರವಲ್ಲ, ಯಾರಿಗೂ ತೆರೆಯುವುದಿಲ್ಲ. ನೀನು ಆ ಆಟವನ್ನು ಬರೆದ ಚಳಿಗಾಲದಿಂದ ಇಂದಿನವರೆಗೆ ಒಬ್ಬರಿಗೂ ಅದು ತೆರೆದಿಲ್ಲ.

ಇದನ್ನು ಎದುರಿಗೆ ಹೇಳಬೇಕಿತ್ತು. ಎರಡು ಸಲ ಬಾಯಿ ತೆರೆದೆ ಕೂಡ. ಕಷ್ಟದ ಮಾತು ಬರುತ್ತಿದೆ ಎಂಬ ವಾಸನೆ ಬಡಿದ ಕೂಡಲೇ ನೀನು ಎದ್ದು ಹೋಗಿ ಕ್ಯಾಸೆಟ್ ಯಂತ್ರದ ಟೇಪು ಓದುವ ಮೂತಿಯನ್ನು ಸ್ಪಿರಿಟ್ ಹಾಕಿ ಒರೆಸಲು ಶುರುಮಾಡುತ್ತೀಯ. ಬೆನ್ನಿಗೆ ಹೇಳುವ ಮಾತಲ್ಲ ಇದು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೊದಲು ನಿಮ್ಮ ಹಳೆಯ ಕಂಪ್ಯೂಟರುಗಳ ಕ್ಲಬ್ಬಿಗೆ ಬಂದದ್ದು ಆ ಯಂತ್ರಗಳ ಮೇಲಿನ ಆಸೆಗಲ್ಲ, ಚಳಿಗೆ. ಶಾಲೆ ಬಿಟ್ಟು ಮನೆಯಲ್ಲೂ ಇರಲಾಗದೆ ಕೋಟ್ಕದ ಬೀದಿಗಳಲ್ಲಿ ಸುಮ್ಮನೆ ಸುತ್ತುತ್ತಿದ್ದ ಜನವರಿ ಅದು. ಆ ಹಳೆಯ ವಸತಿ ಕಟ್ಟಡದ ಕೆಳಗಿನ ಯುದ್ಧಕಾಲದ ಆಶ್ರಯ ಕೋಣೆಯ ಉಕ್ಕಿನ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಯಾರೋ ತಗಡು ಕೊರೆಯುವ ಹಾಗೆ ಯಂತ್ರಕ್ಕೆ ಆಟ ತುಂಬುತ್ತಿದ್ದ ಕ್ಯಾಸೆಟ್ ಕಿರುಚುತ್ತಿತ್ತು. ನೀನು ತಲೆ ಎತ್ತದೆ ಅಂದೆ: "ಒಳಗೆ ಬಾ, ಇಲ್ಲಾ ಹೊರಗೆ ಹೋಗು. ಬಿಸಿಯೆಲ್ಲಾ ಓಡಿ ಹೋಗ್ತಿದೆ." ನಾನು 'ನೀವು' ಎಂದು ಏನೋ ಕೇಳಲು ಹೋದೆ. "ಆ ಮಾತನ್ನ ಡಾಕ್ಟರಿಗೆ ಇಟ್ಕೋ. ಇಲ್ಲಿ ಎಲ್ರೂ ನೀನೇ," ಅಂದೆ. ಆಮೇಲೆ ಒಂದು ಏಲಕ್ಕಿ ಬನ್ನನ್ನು ನನ್ನ ಕಡೆ ತಳ್ಳಿದೆ. ಅದು ನಿನ್ನೆಯದು, ಕಲ್ಲಿನಂತಿತ್ತು. ಆದರೂ ತಿಂದೆ.

ಅಲ್ಲಿ ನಾನು ಕಂಡದ್ದನ್ನು ಯಾರಿಗೆ ಹೇಳಿದರೂ ಅರ್ಥವಾಗುವುದಿಲ್ಲ. ಹೆಸರೂ ಕೇಳದ ಆಟಗಳು. ಬುಡಾಪೆಸ್ಟಿನ ಯಾರೋ ಬರೆದಿದ್ದ, ಬಸವನಹುಳು ಅಂಚೆ ಹಂಚುವ ಆಟ. ಒಂದು ಓಣಿ ಮುಗಿಸಲು ಅರ್ಧ ಗಂಟೆ ಬೇಕು, ಆದರೂ ಎದ್ದು ಹೋಗಲು ಮನಸ್ಸು ಬರುವುದಿಲ್ಲ. ಆಡಲು ಏನೂ ಇಲ್ಲದೆ ಬರೀ ನೋಡಲೆಂದೇ ಮಾಡಿದ ಡೆಮೊಗಳು. ಒಂದು ಫೋಟೊ ಹಿಡಿಯುವಷ್ಟೂ ಜಾಗವಿಲ್ಲದ ಯಂತ್ರದಲ್ಲಿ ಸ್ವೀಡನ್ನಿನ ಹುಡುಗರು ಇಡೀ ಸಮುದ್ರವನ್ನು ಕುಣಿಸಿದ್ದರು. ಕೊನೆಗೆ ಪರದೆಯ ಕೆಳಗೆ ಅಕ್ಷರಗಳು ಹರಿಯುತ್ತಾ ಊರೂರ ಗೆಳೆಯರನ್ನು ಹೆಸರು ಹಿಡಿದು ಕರೆದು ನಮಸ್ಕಾರ ಹೇಳುತ್ತಿದ್ದವು. ಹೆಸರುಗಳು ಮುಗಿಯುವವರೆಗೆ ಯಾರೂ ಏಳುತ್ತಿರಲಿಲ್ಲ. ಆಮೇಲೆ ಕ್ಲಬ್ಬಿನ ಹಳಬ ವೆಸಾ ಗಂಟಲು ಸರಿಮಾಡಿಕೊಂಡು "ಕೆಟ್ಟದೇನಲ್ಲ" ಅನ್ನುತ್ತಿದ್ದ. ಅದಕ್ಕಿಂತ ದೊಡ್ಡ ಹೊಗಳಿಕೆ ನಿಮ್ಮಲ್ಲಿ ಇಲ್ಲ ಎಂದು ತಿಳಿಯಲು ನನಗೆ ತಿಂಗಳುಗಳು ಬೇಕಾದವು. ನನ್ನ ಮೊದಲ ಡೆಮೊ ನೋಡಿ ಅವನು ಬರೀ "ಓಡ್ತದೆ" ಅಂದಿದ್ದ. ನಾನು ಶೌಚಾಲಯಕ್ಕೆ ಹೋಗಿ ಅತ್ತಿದ್ದೆ.

ಹೊಸಬರು ಬಂದಾಗಲೆಲ್ಲ ನೀನು ನನ್ನನ್ನು, "ಇವ್ಳು ಹಿಲ್ಲಾ, ಮೇಷ್ಟ್ರಿಗೆ ನಿಜ ಹೇಳಿ ಶಾಲೆ ಬಿಟ್ಟವಳು," ಎಂದು ಹೆಮ್ಮೆಯಿಂದ ಪರಿಚಯಿಸುತ್ತಿದ್ದೆ. ಅದೂ ಪೂರ್ತಿ ನಿಜವಲ್ಲ, ಎಸ್ಕೊ. ಮೇಷ್ಟ್ರ ಜೊತೆ ಜಗಳವಾಗಿದ್ದು ಹೌದು, ಆದರೆ ಬಿಟ್ಟದ್ದು ಕೂರಲಾಗದೆ. ಎಲ್ಲಿಯೂ ನನಗೆ ಕೂರಲಾಗುವುದಿಲ್ಲ. ನಿನ್ನ ಪಕ್ಕದ ಆ ಮುರುಕು ಕುರ್ಚಿಯಲ್ಲಿ ಮಾತ್ರ ಕೂತಿದ್ದೆ.

'ಬಂಡೆದ್ವೀಪ'ದ ವಿಷಯ ನೀನು ಹೇಳಿದ್ದು ಒಂದೇ ಸಲ, ಸೌನಾದ ಉಗಿಕೋಣೆಯಲ್ಲಿ ಕಾದ ಕಲ್ಲಿಗೆ ನೀರು ಹಾಕುತ್ತಾ. ನಿಮ್ಮಮ್ಮನ ಅಂತ್ಯಸಂಸ್ಕಾರದ ನಂತರ ಎಲ್ಲರೂ ಕಾಫಿಗೆ ಕೂತಿದ್ದಾಗ ನಿನ್ನ ಅಣ್ಣ ಔಲಿಸ್‌ಗೆ, ಅಮ್ಮ ಸತ್ತದ್ದು ಅವನ ಕುಡಿತದ ಚಿಂತೆಯಿಂದ ಎಂದು ನೀನು ಹೇಳಿಬಿಟ್ಟೆಯಂತೆ. ಅವನು ಕಪ್ಪು ಕೆಳಗಿಟ್ಟು ಎದ್ದು ಹೋದನಂತೆ. ಆ ಚಳಿಗಾಲ ನೀನು ಆಟ ಬರೆದೆ: ಒಬ್ಬ ಹುಡುಗ ಕತ್ತಲೆಯ ದೀಪಸ್ತಂಭವನ್ನು ಹತ್ತಿ ಮೇಲಿನ ದೀಪ ಹಚ್ಚಬೇಕು. ಕೊನೆಯ ಕೋಣೆಯಲ್ಲಿ ಅಣ್ಣನಿಗೆಂದು ನಾಲ್ಕು ಮಾತು ಬರೆದಿಟ್ಟೆ. ಕ್ಯಾಸೆಟ್ಟನ್ನು ಅವನಿದ್ದ ಕೆಮಿ ಊರಿಗೆ ಅಂಚೆಯಲ್ಲಿ ಕಳಿಸಿದೆ. ಉತ್ತರ ಬರಲಿಲ್ಲ. "ಕೊನೇವರೆಗೂ ಹೋಗೋಷ್ಟು ದರಕಾರು ಅವನಿಗಿರಲಿಲ್ಲ. ಅಷ್ಟೇ," ಅಂದೆ. ಕಲ್ಲು ಬುಸ್ಸೆಂದಿತು, ನೀನು ಮತ್ತೆ ನೀರು ಹಾಕಿದೆ. ಆ ಬಿಸಿಯಲ್ಲಿ ಮಾತು ಮುಂದುವರಿಸುವುದು ಯಾರಿಗೂ ಸಾಧ್ಯವಿರಲಿಲ್ಲ.

ಆಮೇಲೆಯೇ ನಾನು ಆಡಿದ್ದು. ಬಾಗಿಲ ಕೀಲಿ ಹುಡುಗನ ಕೈಯಲ್ಲಿತ್ತು, ಪರದೆಯ ಮೂಲೆಯಲ್ಲಿ ಅದರ ಚಿತ್ರವೂ ಇತ್ತು, ಆದರೂ ಬಾಗಿಲು ಕದಲಲಿಲ್ಲ. ಯಂತ್ರವನ್ನು ನಿಲ್ಲಿಸಿ ಅದರ ನೆನಪಿನೊಳಗೆ ಇಳಿದು ನೋಡಿದೆ, ನೀನೇ ಕಲಿಸಿದ ಹಾಗೆ. ಹುಡುಗನ ಬಳಿ ಕೀಲಿ ಇದೆ ಎಂಬುದನ್ನು ನೀನು ಆ ನೆನಪಿನ ಒಂದು ಗೂಡಿನಲ್ಲಿ ಬರೆದಿಟ್ಟಿದ್ದೀಯ. ಗೋಪುರದ ಮೆಟ್ಟಿಲುಗಳಲ್ಲಿ ಕೇಳುವ ಹಾಡು ತನ್ನ ತಾಳ ಎಣಿಸಲು ಬಳಸುವುದೂ ಅದೇ ಗೂಡನ್ನು. ಮೊದಲ ಮೆಟ್ಟಿಲು ಹತ್ತಿದೊಡನೆ ಹಾಡು ಶುರುವಾಗುತ್ತದೆ, ಕೀಲಿ ಅಳಿಸಿಹೋಗುತ್ತದೆ. ಚಿತ್ರ ಮಾತ್ರ ಮೂಲೆಯಲ್ಲಿ ಹಾಗೇ ಉಳಿಯುತ್ತದೆ.

ಹಾಡನ್ನು ನೀನು ಕೊನೆಯ ವಾರ ಸೇರಿಸಿರಬೇಕು. ಸೇರಿಸಿದ ಮೇಲೆ ಹುಡುಗನನ್ನು ನೇರವಾಗಿ ಬಾಗಿಲ ಮುಂದೆ ನಿಲ್ಲಿಸಿ, ಕೈಗೆ ಕೀಲಿ ಕೊಟ್ಟು ಪರೀಕ್ಷಿಸಿರಬೇಕು. ತೆರೆದಿರುತ್ತದೆ. ಕ್ಯಾಸೆಟ್ಟಿಗೆ ಇಳಿಸಿರುತ್ತೀಯ. ನಾವೆಲ್ಲ ಮಾಡುವುದು ಹಾಗೇ. ತಾನೇ ಕಟ್ಟಿದ ಗೋಪುರವನ್ನು ಪ್ರತಿ ಸಲವೂ ಕೆಳಗಿನಿಂದ ಯಾರು ಹತ್ತುತ್ತಾರೆ? ಆ ಹಾಡು ನಿಮ್ಮಮ್ಮ ಪಾತ್ರೆ ತೊಳೆಯುವಾಗ ಗುನುಗುತ್ತಿದ್ದದ್ದು ಎಂದು ನೀನೇ ಹೇಳಿದ್ದೆ. ಅದಕ್ಕೇ ನನಗೆ ಹೇಳಲಾಗಲಿಲ್ಲ. ಆಟ ಮುಗಿಸದವರನ್ನೆಲ್ಲ ನೀನು ಸೋಮಾರಿಗಳು ಅನ್ನುತ್ತಿದ್ದೆ, ನಾನೂ ಸೋಮಾರಿಯಾದೆ.

ಇನ್ನೊಂದಿದೆ. ಬಾಗಿಲಾಚೆಯ ಮಾತುಗಳನ್ನೂ ನಾನು ಯಂತ್ರದೊಳಗಿನಿಂದ ಓದಿದೆ. ಅವು ನನಗೆಂದು ಬರೆದದ್ದಲ್ಲ. ನೀನು ಅಣ್ಣನಲ್ಲಿ ಕ್ಷಮೆ ಕೇಳಿದ ರೀತಿಯಲ್ಲಿ ಒಬ್ಬರು ಇನ್ನೊಬ್ಬರನ್ನು ಕೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದನ್ನು ಓದಿದ ಮೇಲೆ ಸುಮ್ಮನಿರುವುದು ದಿನದಿನಕ್ಕೂ ಕಷ್ಟವಾಯಿತು.

ಏಪ್ರಿಲ್‌ನಲ್ಲಿ ಓಉಲು ಊರಿನ ಡೆಮೊ ಸಭೆಗೆ ನೀನು ಬರಲಿಲ್ಲ. ಬೆನ್ನುನೋವು ಅಂದೆ. ಅಲ್ಲಿಂದ ಕೆಮಿ ಬಹಳ ಹತ್ತಿರ, ಅದೇ ಕಾರಣ ಎಂದು ನನಗೆ ಗೊತ್ತಿತ್ತು. ಸಭೆ ಮುಗಿದ ಮೇಲೆ ನಾನು ದಕ್ಷಿಣದ ರೈಲು ಹತ್ತಲಿಲ್ಲ. ಉತ್ತರಕ್ಕೆ, ಕೆಮಿಗೆ ಹೋದೆ.

ಔಲಿಸ್ ಬಾಗಿಲು ತೆರೆದ. ಕಾಗದದ ಗಿರಣಿಯಿಂದ ನಿವೃತ್ತ. ಕುಡಿತ ಬಿಟ್ಟು ನನ್ನ ವಯಸ್ಸಿಗಿಂತ ಹೆಚ್ಚು ಕಾಲವಾಗಿದೆ. ನನ್ನ ಮುಖವನ್ನು ನೇರವಾಗಿ ನೋಡದೆ ಕಿವಿಯ ಪಕ್ಕಕ್ಕೆ ನೋಡುತ್ತಿದ್ದ. ಒರಟುತನ ಅಂದುಕೊಂಡೆ. ಆಮೇಲೆ ಅವನೇ ಹೇಳಿದ, ಕಣ್ಣಿನ ನೋಟದ ನಡುಭಾಗ ಹೋಗುತ್ತಿದೆ, ಅಂಚುಗಳು ಮಾತ್ರ ಉಳಿದಿವೆ. ಪರದೆಯ ದಪ್ಪ ಅಕ್ಷರಗಳನ್ನು ಮೂಗು ತಾಗಿಸಿಕೊಂಡು ಈಗಲೂ ಓದಬಲ್ಲ. ಎಷ್ಟು ದಿನ ಎಂದು ಡಾಕ್ಟರೂ ಹೇಳುವುದಿಲ್ಲವಂತೆ.

ನಾನು ನಿನ್ನ ಹೆಸರು ಹೇಳಿದೆ. ಅವನು ಕಾಫಿಗಿಟ್ಟ. ಆಟದ ವಿಷಯ ಎತ್ತಿದಾಗ ಎದ್ದು ಬೀರುವಿನಿಂದ ಒಂದು ಪೆಟ್ಟಿಗೆ ತಂದ. ಒಳಗೆ ಅವನ ಹಳೆಯ ಯಂತ್ರ, ಮೇಲೆ ಉಣ್ಣೆಯ ಶಾಲು, ಶಾಲಿನೊಳಗೆ ನಿನ್ನ ಕ್ಯಾಸೆಟ್.

"ಆ ಚಳಿಗಾಲ ಪೂರ್ತಿ ಆಡಿದೆ," ಅಂದ. "ಗಿರಣಿಯಿಂದ ಬಂದು ಅದೇ ಕೆಲ್ಸ. ಕುಡಿಯೋಕೆ ಪುರುಸೊತ್ತೇ ಇರ್ಲಿಲ್ಲ ನೋಡು. ಬಾಗಿಲ ತನಕ ಹೋದೆ. ಕೀಲಿ ಇತ್ತು ನನ್ ಹತ್ರ. ತೆರೀಲಿಲ್ಲ. ಮತ್ತೆ ಕೆಳಗಿಂದ ಹತ್ತಿದೆ. ಎಷ್ಟು ಸಲ ಹತ್ತಿದ್ರೂ ನಿಂಗೆ ಒಳಗೆ ಜಾಗ ಇಲ್ಲ ಅಂತ ಹೇಳೋಕೇ ಅವನು ಇಷ್ಟು ಕಷ್ಟ ಪಟ್ಟಿದಾನೆ ಅಂದ್ಕೊಂಡೆ. ನಾನು ಅದಕ್ಕೆ ಯೋಗ್ಯನೇ ಇದ್ದೆ, ಬಿಡು."

ನಾನು ಗೂಡಿನ ವಿಷಯ, ಹಾಡಿನ ವಿಷಯ ಎಲ್ಲ ಹೇಳಿದೆ. ಅವನು ಕಪ್ಪನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಕೇಳಿದ: "ಹಾಗಾದ್ರೆ ಒಳಗೆ ಏನೋ ಇದೆ?"

ಇದೆ ಅಂದೆ.

"ನೀನು ಓದಿದೀಯಾ?"

ಓದಿದ್ದೇನೆ ಅಂದೆ. ಹೇಳಲೇ ಎಂದೂ ಕೇಳಿದೆ, ಅವಸರದ ಕತ್ತೆ ನಾನು.

"ಬೇಡ. ಅವನ ಬಾಗಿಲು ಅದು. ಅವನೇ ಬಂದು ತೆಗೀಲಿ," ಅಂದ. ನನ್ನ ಕಪ್ಪಿಗೆ ಮತ್ತೆ ಕಾಫಿ ಹಾಕಲು ಹೋಗಿ ಮೇಜಿನ ಮೇಲೆ ಸುರಿದ. ಒರೆಸಲು ನಾನು ಎದ್ದರೆ ಬಿಡಲಿಲ್ಲ.

ಈಗ ಜೂನ್. ಏಪ್ರಿಲ್‌ನಿಂದ ಪ್ರತಿ ಬುಧವಾರ ಕ್ಲಬ್ಬಿನಲ್ಲಿ ನಿನ್ನ ಪಕ್ಕ ಕೂತು ಈ ಮಾತನ್ನು ನುಂಗಿದ್ದೇನೆ. ಅವನ ಕಣ್ಣು ಕಾಯುವುದಿಲ್ಲ ಎಂದು ಗೊತ್ತಿದ್ದೂ ನುಂಗಿದೆ. ನಿನ್ನ ಮುಖ ಹೇಗಾಗುತ್ತದೋ ಎಂಬ ಹೆದರಿಕೆ. ಅಷ್ಟು ವರ್ಷ ಅಣ್ಣ ಸುಮ್ಮನಿದ್ದ ಎಂದು ಕೋಪದಲ್ಲಿ ಬದುಕುವುದು ನಿನಗೆ ಅಭ್ಯಾಸವಾಗಿದೆ. ಆ ಮೌನ ನಿನ್ನದೇ ಕೈತಪ್ಪಿನಿಂದ ಬಂದದ್ದು ಎಂದು ತಿಳಿದು ಬದುಕುವುದು ಹೇಗೆ ಎಂದು ನನಗೆ ಗೊತ್ತಿಲ್ಲ. ಹೇಳುವುದು ಸರಿಯೋ ಎಂದು ಈಗಲೂ ಖಚಿತವಿಲ್ಲ. ಹೇಳದಿರುವುದು ತಪ್ಪು ಎಂಬುದು ಮಾತ್ರ ಖಚಿತ.

ಸರಿಪಡಿಸುವುದು ಸುಲಭ. ಹಾಡು ತಾಳ ಎಣಿಸಲು ಬೇರೊಂದು ಗೂಡು ಕೊಟ್ಟರೆ ಸಾಕು. ಎಲ್ಲಿ ಎಂದು ನಿನಗೆ ನೋಡಿದೊಡನೆ ತಿಳಿಯುತ್ತದೆ. ನಾನೇ ಮಾಡಿ ಅವನಿಗೆ ಕಳಿಸಬಹುದಿತ್ತು. ಒಂದು ಸಂಜೆ ಕೈ ಹಾಕಿಯೂ ಇದ್ದೆ, ತೆಗೆದುಬಿಟ್ಟೆ. ಅವನು ಕೇಳಿದ್ದು ತೆರೆದ ಬಾಗಿಲನ್ನಲ್ಲ, ನಿನ್ನನ್ನು. ಅಂಚೆಯಲ್ಲಿ ಕಳಿಸಬೇಡ, ಎಸ್ಕೊ. ಒಮ್ಮೆ ಕಳಿಸಿ ಆಗಿದೆ. ಯಂತ್ರದ ಮುಂದೆ ಅವನ ಪಕ್ಕ ಕೂತು ಅವನಿಗೆ ಕೆಳಗಿನಿಂದ ಹತ್ತಲು ಬಿಡು. ಕಣ್ಣು ಕಾಣದ ಕಡೆ ಎಡವೋ ಬಲವೋ ನೀನು ಹೇಳು. ಜಗಳವಾದರೆ ಆಗಲಿ. ನೀವಿಬ್ಬರೂ ಮಾತು ಬಿಟ್ಟು ಇಷ್ಟು ಕಾಲ ಇದ್ದವರು, ಒಂದು ಜಗಳ ನಿಮಗೆ ಹೆಚ್ಚಲ್ಲ.

ನನ್ನ ಮೇಲೆ ಸಿಟ್ಟಾದರೆ ಅದನ್ನೂ ಒಪ್ಪುತ್ತೇನೆ. ಒಂದು ಹಡಗಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದೆ, ಹಂಕೊ ಬಂದರಿನಿಂದ ಜರ್ಮನಿಗೆ ಹೋಗಿಬರುವ ಹಡಗು. ವೆಸಾನಿಗೆ ಹೇಳಿದರೆ, "ನೀನು ಆಲೂಗಡ್ಡೆ ಸುಲಿಯೋವಷ್ಟರಲ್ಲಿ ಹಡಗು ಹಳೇದಾಗಿ ಮುಳುಗ್ತದೆ," ಅಂದ. ನಿನಗೆ ಹೇಳಲು ಅವನಿಗೆ ಬಿಟ್ಟಿಲ್ಲ. ನಾನು ಇಲ್ಲೇ ಇದ್ದರೆ ನೀನು ಸ್ಪಿರಿಟ್ ಬಾಟಲಿ ಹಿಡಿದು ಕೂತು ನಿನ್ನ ಬದಲು ನನ್ನನ್ನೇ ಕೆಮಿಗೆ ಕಳಿಸುತ್ತೀಯ, ನಾನೂ ಹೋಗಿಬಿಡುತ್ತೇನೆ. ಮಧ್ಯೆ ನಾನು ಇರಬಾರದು.

ನಿನ್ನ ಬೆನ್ನು ರೈಲಿನ ಆ ದೂರವನ್ನು ತಾಳಲಿ. ಅವನ ಕಣ್ಣು ನೀನು ತಲುಪುವವರೆಗೆ ತಾಳಲಿ.

ನಾಳೆ ಬೆಳಿಗ್ಗೆ ನಾನು ಹಂಕೊಗೆ ಹೊರಡುತ್ತಿದ್ದೇನೆ.

ನಿನ್ನ,
ಹಿಲ್ಲಾ