ಎಡಚನ ಮಂಡಿ

ಅಣ್ಣಾ,

ನಮ್ಮ ಎಡಚ ಈ ದೊಡ್ಡ ಟೆನಿಸ್ ಪಂದ್ಯಾವಳಿಯ ಮೊದಲನೇ ಸುತ್ತಿನಲ್ಲೇ ಸೋತ. ಟಿವಿಯಲ್ಲಿ ತೋರಿಸಿರಲಾರರು, ಅವನನ್ನು ಆಡಿಸಿದ್ದು ಕಸದ ಡಬ್ಬಿಗಳ ಪಕ್ಕದ ಮೂಲೆ ಅಂಗಣದಲ್ಲಿ. ಸೋಲುವುದನ್ನು ನೋಡಲಾರದೆ ನೀರು ತರಲು ಎದ್ದುಹೋದೆ. ಬರುವಷ್ಟರಲ್ಲಿ ಗೇಟು ಹಾಕಿತ್ತು. "ಆಟಗಾರರು ಕಡೆ ಬದಲಾಯಿಸೋವಾಗ ಮಾತ್ರ ಒಳಗೆ ಬಿಡೋದು, ನಿಂತ್ಕೊಳ್ಳಮ್ಮ," ಎಂದಳು ಗೇಟಿನವಳು. ಅವರು ಕಡೆ ಬದಲಾಯಿಸುವ ಮೊದಲೇ ಆಟ ಮುಗಿಯಿತು. ಇಷ್ಟು ದೂರ ಬಂದು, ಕೊನೆಯ ಚೆಂಡಿನ ಸದ್ದನ್ನು ಬೇಲಿಯಾಚೆ ನಿಂತು ಕೇಳಿದೆ.

ಒಳಗೆ ಹೋದಾಗ ಅವನು ತಲೆಗೆ ಟವೆಲ್ ಹಾಕಿಕೊಂಡು ಕೂತಿದ್ದ. ತಂದಿದ್ದ ರಾಕೆಟ್‌ಗಳಲ್ಲಿ ಅರ್ಧದಷ್ಟರ ಪ್ಲಾಸ್ಟಿಕ್ ಕವರನ್ನೂ ಬಿಚ್ಚಿರಲಿಲ್ಲ. ಅವನನ್ನು ನಂಬಿ ಇಡೀ ವಾರದ ಟಿಕೆಟ್ ತೆಗೆದಿದ್ದೇನೆ. ಇನ್ನು ಗುರುತಿಲ್ಲದವರ ಮದುವೆಗೆ ಹೋದವಳ ಹಾಗೆ ಯಾರ್ಯಾರಿಗೋ ಚಪ್ಪಾಳೆ ತಟ್ಟುತ್ತ ಕೂರಬೇಕು. ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿದಿದೆ, ಮಿಕ್ಕಂತೆ ಆರೋಗ್ಯ.

"ಆಪರೇಷನ್ ಆದ್ಮೇಲೆ ಎಡಚನ ಮಂಡಿ ಹೇಗಿದೆ ನೋಡ್ಕೊಂಡು ಬಾ, ಚೆನ್ನಾಗಿದ್ರೆ ನಾನೂ ಮಾಡಿಸ್ಕೋತೀನಿ," ಎಂದಿದ್ದೆಯಲ್ಲ? ಸುಳ್ಳು ಬರೆಯೋಣವೆಂದರೆ ಕೈ ಬರಲಿಲ್ಲ. ಅಂಗಣದಿಂದ ಹೊರಡುವಾಗ ಅವನು ಗೋಡೆ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರಿ ಇಳಿದ, ಥೇಟ್ ನಿನ್ನ ಹಾಗೆ.

ಅತ್ತಿಗೆ, ಅಂಚೆಯವನ ಕೈಯಿಂದ ಕಾರ್ಡು ಇಸಿದುಕೊಂಡು ಮೊದಲು ಓದುವವರು ನೀವೇ. ದಯವಿಟ್ಟು ಇದನ್ನು ಅಣ್ಣನಿಗೆ ಕೊಡಬೇಡಿ. ಅವನ ಆಪರೇಷನ್ ಆಗಿಬಿಡಲಿ. ಎಡಚ ಗೆದ್ದ ಎಂದುಬಿಡಿ.

ತಂಗಿ