ಮುತಿಂತಾ ನಾಳೆ ಬರುತ್ತಾಳೆ

ಅಕ್ಕಾ,

ನಿನ್ನ ಜೋಗುಳದಲ್ಲಿ ‘ಬೀಳು ಮಗಳೇ, ನೆಲ ನಮ್ಮದೇ’ ಎಂದಿತ್ತೋ, ‘ಬೀಳಬೇಡ’ ಎಂದಿತ್ತೋ? ನೀನು ತೀರಿಕೊಂಡ ಮೇಲೆ ನಾನು ‘ಬೀಳಬೇಡ’ ಎಂದೇ ಹಾಡಿ ಮುತಿಂತಾಳನ್ನು ಮಲಗಿಸಿದೆ.

ಇಂದು ನಿನ್ನ ಮಗಳು ಜಾಂಬಿಯಾದ ಕಿರಿಯ ಹುಡುಗಿಯರ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಆಗಿ ಆಡಿದಳು. ಚೋಮಾದ ನಮ್ಮ ಓಣಿಯವರೆಲ್ಲ ನನ್ನ ಟೀವಿಯ ಮುಂದಿದ್ದರು. ಕೊನೆಯ ಪೆನಾಲ್ಟಿಗೆ ಅವಳು ಹಾರಿ ಬೀಳಲಿಲ್ಲ, ನಿಂತೇ ಇದ್ದಳು. ಚೆಂಡು ಮಗ್ಗುಲಲ್ಲೇ ಒಳಗೆ ಹೋಯಿತು. ಸೋತೆವು. ಹುರಿದ ಶೇಂಗಾ ಅರ್ಧಕ್ಕೇ ಬಿಟ್ಟು ಎಲ್ಲರೂ ಎದ್ದರು.

ನಾಳೆ ಅವಳು ಮನೆಗೆ ಬರುತ್ತಾಳೆ. ಏನು ಹೇಳಲಿ ಎಂದು ನಿನ್ನನ್ನಲ್ಲದೆ ಯಾರನ್ನು ಕೇಳಲಿ?

ಪಕ್ಕದ ಮನೆಯ ಚೂಲ್ವೆಯ ತಾಯಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ತಿರುಗಿದಳು: “ನಾಳೆ ನ್ಶಿಮಾ ಮುದ್ದೆ ನಾನೇ ತಿರುವಿ ತರ್ತೀನಿ ಟೀಚರಮ್ಮ, ನಿಮ್ದು ಗಂಜಿ ಆಗುತ್ತೆ. ಹುಡುಗಿ ಗೆದ್ದಿದ್ರೆ ಊರೇ ಬರ್ತಿತ್ತು. ಸೋತಿದ್ದಾಳೆ, ನಾವಾದ್ರೂ ಬರ್ಬೇಕಲ್ಲ.”