ಕಂಪ್ಯೂಟರಿನ ಮೇಲೆ ಕೂರುವ ಹುಂಜ

ರೀ ಪೊಲಿಕಾರ್ಪಿಯೊ,

ನಿನ್ನೆ ಪಕ್ಕದ ಮನೆಯವರ ಮುಂದೆ ಏನಂದಿರಿ? "ನಮ್ಮನೆಯವಳ ಕ್ರೋಶಾ ಹೊದಿಕೆಯಿಂದಲೇ ಕಂಪ್ಯೂಟರಿಗೆ ಉಸಿರು ಕಟ್ಟುತ್ತೆ, ಅದಕ್ಕೇ ಪದೇ ಪದೇ ಆಫ್ ಆಗುತ್ತೆ" ಅಂತ ತಾನೆ? ಹೊದಿಕೆ ತೆಗೆದೆ. ಆದರೂ ಆಫ್ ಆಯಿತು. ಇವತ್ತು ಪ್ಲಗ್ ಕಿತ್ತು, ಡಬ್ಬ ಬಿಚ್ಚಿ ನೋಡಿದೆ. ಫ್ಯಾನಿಗೆ ಸುತ್ತಿಕೊಂಡಿದ್ದು ನನ್ನ ನೂಲಲ್ಲ, ನಿಮ್ಮ ಕಾಳಗದ ಹುಂಜದ ಪುಕ್ಕ! ಮಳೆ ಬಂದಾಗಲೆಲ್ಲ ಅದಕ್ಕೆ ಶೀತ ಆಗಬಾರದು ಅಂತ ಆ ಬೆಚ್ಚಗಿನ ಡಬ್ಬದ ಮೇಲೆ ಕೂರಿಸಿದ್ದು ಯಾರು? ನನಗೆ ಜ್ವರ ಬಂದಾಗ ಒಂದು ಕಂಬಳಿ ಹೊದಿಸಲಿಲ್ಲ.

ಬ್ರಷ್‌ನಿಂದ ಗುಡಿಸಿದ್ದೇನೆ, ಈಗ ಓಡುತ್ತಿದೆ. ಸ್ಕ್ರೀನ್ ಕಪ್ಪಾದರೆ ಹಿಂದಿನ ವೈರು ಒತ್ತಿ, ಡಬ್ಬದ ತಲೆಗೆ ಮೊಟಕಬೇಡಿ. ಸಂಜೆ ಮಗಳು ಮನಿಲಾದಿಂದ ಮಾತಾಡುತ್ತಾಳೆ. ನಡುವೆ ಆಫ್ ಆದರೆ ನಾನು ಸುಮ್ಮನಿರುವವಳಲ್ಲ.

ಇಗರ್ಜಿಗೆ ಹೊರಟೆ. ರಾತ್ರಿಯ ಕೋಳಿಸಾರಿಗೆ ಪಪ್ಪಾಯಿಕಾಯಿ, ಶುಂಠಿ ತಂದಿಟ್ಟಿದ್ದೇನೆ. ಕೋಳಿ ತಂದಿಲ್ಲ.

ಕ್ಲೆಮೆನ್ಸಿಯಾ